ಪುಸ್ತಕದಕ್ಕ ತಿದ್ದಿದ ಕೊನೆಗಳು

ಆ ಹದಿನೈದು ದಿನಗಳಲ್ಲಿ ಪುಸ್ತಕದಕ್ಕ ನಾಲ್ಕು ಕಾದಂಬರಿ ಮುಗಿಸಿದ್ದಳು. ಒಂದು ಪತ್ತೇದಾರಿ, ಒಂದು ಪ್ರೇಮದ್ದು, ಒಂದು ದೆವ್ವದ್ದು, ಒಂದು ಯುದ್ಧದ್ದು. ಅಷ್ಟೇ ದಿನಗಳಲ್ಲಿ ಅವಳ ತಮ್ಮ ತನ್ನ ಹೆಂಡತಿಯ ಪಕ್ಕೆಲುಬು ಮುರಿದಿದ್ದ, ಒಂದು ಹಲ್ಲು ಉದುರಿಸಿದ್ದ. ಎರಡೂ ನಡೆದದ್ದು ಒಂದೇ ಮನೆಯಲ್ಲಿ, ನಡುವೆ ಒಂದು ತೆಳು ಗೋಡೆ. ಗೋಡೆಯಾಚೆ ದಬ್ ಎಂದಾಗ ಅಕ್ಕ ಪುಸ್ತಕವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದಳು, ಅಷ್ಟೆ. ಇಂಥವಳಿಗೆ ಏನನ್ನಬೇಕೋ ನೀವೇ ಹೇಳಿ. ಅಧ್ಯಾಯ ಮುಗಿಸದೆ ಎದ್ದವಳಲ್ಲ.

ಕೆಟ್ಟವಳೇನಲ್ಲ, ಅದೇ ಕಷ್ಟ. ತಾಯಿ ತೀರಿಕೊಂಡಾಗ ತಮ್ಮನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ತನ್ನ ಮದುವೆಯ ಮಾತೆತ್ತಿದವರನ್ನೆಲ್ಲ ‘ಇವನನ್ನ ಯಾರು ನೋಡ್ಕೋತಾರೆ’ ಎಂದು ಬಂದ ದಾರಿಯಲ್ಲೇ ವಾಪಸು ಕಳಿಸಿ, ಅವನನ್ನು ಕಣ್ಣಿಗೆ ರೆಪ್ಪೆಯ ಹಾಗೆ ಕಾಪಾಡಿದಳು. ತಾನು ದುಡಿಯುವ ಲಾಂಡ್ರಿಯಲ್ಲೇ ಅವನಿಗೆ ವ್ಯಾನ್ ಓಡಿಸುವ ಕೆಲಸ ಕೊಡಿಸಿದಳು. ಹೆಣ್ಣು ಹುಡುಕಿದ್ದೂ ಅವಳೇ. ಮೈಯಲ್ಲಿ ಹಿಡಿ ಮಾಂಸವಿಲ್ಲದ ಹುಡುಗಿ. ಲಾಂಡ್ರಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ಎಲ್ಲರೂ ಸಣ್ಣಿ ಎಂದು ಕರೆದರು, ಅದೇ ಉಳಿಯಿತು. ಮದುವೆಯಾಗಿ ತಿಂಗಳು ತುಂಬುವುದರೊಳಗೆ ತಮ್ಮನ ಕೈ ಮುಂದಾಯಿತು. ಬಾಗಿಲು ತಡವಾಗಿ ತೆಗೆದಳೆಂದು ಒಂದು ಸಲ, ಬೇಗ ತೆಗೆದಳೆಂದು ಇನ್ನೊಂದು ಸಲ. ಹೊಡೆಯಬೇಕೆಂದು ಕೂತವನಿಗೆ ನೆಪಕ್ಕೇನು ಬರ? ಮಾರನೆಯ ಬೆಳಿಗ್ಗೆ ಅಕ್ಕ ಸಣ್ಣಿಯ ಊದಿದ ಕೆನ್ನೆಗೆ ಶಾಖ ಕೊಟ್ಟು, ಅದೇ ಒಲೆಯ ಮೇಲೆ ತಮ್ಮನಿಗೆ ಚಹಾ ಕಾಯಿಸುತ್ತಿದ್ದಳು. ಇಬ್ಬರಿಗೂ ಮಾಡಬೇಕಾದ್ದನ್ನು ಮಾಡಿದೆನೆಂದು ಅವಳ ಸಮಾಧಾನ.

ಲಾಂಡ್ರಿಗೆ ಬರುತ್ತಿದ್ದದ್ದು ಹೋಟೆಲು ಮತ್ತು ಆಸ್ಪತ್ರೆಗಳ ಬಟ್ಟೆ. ಮಡಿಸುವ ಹಾಲ್‌ನಲ್ಲಿ ಅಕ್ಕ, ಸಣ್ಣಿ ಇಬ್ಬರೂ ಜೋಡಿ. ದೊಡ್ಡ ಬೆಡ್‌ಶೀಟ್ ಒಬ್ಬರ ಕೈಯಲ್ಲಿ ಮಡಿಸಲಾಗದು. ಆಚೆ ತುದಿ ಒಬ್ಬಳು, ಈಚೆ ತುದಿ ಒಬ್ಬಳು ಹಿಡಿದು, ಬಿಗಿಯಾಗಿ ಎಳೆದು ಕೊಡವಿ, ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಸೇರಿಸುವಾಗ ಮುಖಕ್ಕೆ ಮುಖ ಬರುತ್ತದೆ, ಆಗ ನಾಲ್ಕು ಮಾತು. ಮತ್ತೆ ದೂರ. ಯಂತ್ರಗಳ ಗದ್ದಲದಲ್ಲಿ ದೂರದಿಂದ ಕೂಗಿದರೂ ಕೇಳಿಸದು. ಹೀಗಾಗಿ ಅಕ್ಕ ಓದಿದ ಕಾದಂಬರಿಗಳು ಸಣ್ಣಿಗೆ ಸಿಗುತ್ತಿದ್ದದ್ದು ಶೀಟಿಗೆ ನಾಲ್ಕು ಮಾತಿನಂತೆ. ಸಣ್ಣಿಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ಮನೆಯಲ್ಲಿ ಪುಸ್ತಕ ಹಿಡಿದು ಕೂತರೆ ತಮ್ಮನಿಗೆ ಮೈಯೆಲ್ಲ ಉರಿ. ಅವಳ ಹಲ್ಲು ಹೋದದ್ದೇ ಆ ಯುದ್ಧದ ಕಾದಂಬರಿಯ ದಪ್ಪ ರಟ್ಟಿನಿಂದ.

ಸಣ್ಣಿಯ ಎಡಗೈ ಭುಜದಿಂದ ಮೇಲೇಳದ ದಿನ ಅಕ್ಕ ತನ್ನ ತುದಿಯನ್ನೂ ತಗ್ಗಿಸುತ್ತಿದ್ದಳು. ಯಾಕೆಂದು ಕೇಳುತ್ತಿರಲಿಲ್ಲ.

“ಪತ್ತೇದಾರಿ ಹೇಗಿತ್ತಕ್ಕ?”

“ಅಯ್ಯೋ, ಮೊದಲನೇ ಹೆಣ ಬಿದ್ದಾಗಲೇ ನಂಗೆ ಗೊತ್ತಾಯ್ತು, ಡಾಕ್ಟರೇ ಅಂತ. ಎಲ್ಲರ ಹತ್ರಾನೂ ಅಷ್ಟು ನಯವಾಗಿ ಮಾತಾಡೋನು ಅವನೊಬ್ಬನೇ. ಹೆಣಕ್ಕಿಂತ ಮಾತೇ ಜಾಸ್ತಿ ಆ ಪುಸ್ತಕದಲ್ಲಿ.”

“ಯಾರನ್ನ ಕೊಂದ?”

“ಹೆಂಡತೀನ. ಮೆಟ್ಟಿಲಿಂದ ತಳ್ಳಿ.” ಅಕ್ಕ ನಾಲಿಗೆ ಕಚ್ಚಿಕೊಂಡು ಶೀಟು ಹಿಡಿದು ಹಿಂದೆ ಸರಿದಳು. ಮತ್ತೆ ಎದುರು ಬಂದಾಗ ಕಥೆ ಬೇರೆಯಾಗಿತ್ತು. “ಅವಳು ಸಾಯಲ್ಲ ಅನ್ನು. ಮೂರು ತಿಂಗಳು ಹಾಸಿಗೆ ಹಿಡೀತಾಳೆ. ಅವನೇ ರಾತ್ರಿ ಹಗಲು ಕೂತು ಸೇವೆ ಮಾಡ್ತಾನೆ. ಆಮೇಲೆ ಅವನಷ್ಟು ಒಳ್ಳೇ ಗಂಡ ಇಲ್ಲ.”

ಶುದ್ಧ ಸುಳ್ಳು. ಪುಸ್ತಕದಲ್ಲಿ ಹೆಂಡತಿ ಕತ್ತು ಮುರಿದುಕೊಂಡು ಅಲ್ಲೇ ಸತ್ತಿದ್ದಳು. ದೆವ್ವದ ಕಾದಂಬರಿಯಲ್ಲಿ ಯಜಮಾನ ಮೊದಲ ಹೆಂಡತಿಯನ್ನು ಗೋಡೆಯೊಳಗಿಟ್ಟು ಇಟ್ಟಿಗೆ ಕಟ್ಟಿಸುತ್ತಾನೆ. ಎರಡನೆಯವಳು ಆ ಗೋಡೆಗೆ ಕಿವಿಯಿಟ್ಟು ಕೇಳುತ್ತ ಕೇಳುತ್ತ ಕೊನೆಗೆ ತಾನೂ ಅದರೊಳಗೆ ಹೋಗುತ್ತಾಳೆ. ಅಕ್ಕನಿಗೆ ಆ ಪುಸ್ತಕ ಬಹಳ ಹಿಡಿಸಿತ್ತು, ಓದಿ ಎರಡು ದಿನ ಗೋಡೆಯ ಕಡೆ ತಲೆ ಹಾಕಿ ಮಲಗಿರಲಿಲ್ಲ. ಆದರೆ ಸಣ್ಣಿಗೆ ಹೇಳುವಾಗ ದೆವ್ವ ಯಜಮಾನನಿಗೆ ಬುದ್ಧಿ ಕಲಿಸಿತು, ಅವನು ಅತ್ತ, ಗೋಡೆ ಒಡೆಸಿದ. ಯುದ್ಧದ್ದೊಂದನ್ನು ಮಾತ್ರ ಇದ್ದದ್ದು ಇದ್ದ ಹಾಗೇ ಹೇಳಿದಳು. ಹಸಿದ ಸೈನಿಕರು ಕುದುರೆ ಕಡಿದು ತಿಂದದ್ದು, ಕಾಲು ಕತ್ತರಿಸುವಾಗ ಬಾಯಿಗೆ ಚರ್ಮದ ಪಟ್ಟಿ ಕಚ್ಚಿಸಿದ್ದು, ಯಾವುದನ್ನೂ ಬಿಡಲಿಲ್ಲ. ಅದರಲ್ಲಿ ಮದುವೆಯಾದ ಹೆಂಗಸರೇ ಇರಲಿಲ್ಲವಲ್ಲ, ತಿದ್ದುವುದೇನು?

ಯಾಕೆ ತಿದ್ದುತ್ತಿದ್ದಳು ಎಂದರೆ, ಹೆದರಿಕೆ. ಸಣ್ಣಿ ಬಿಟ್ಟು ಹೋದರೆ ತಮ್ಮ ಹಾಳಾಗುತ್ತಾನೆ, ಅವನು ಹಾಳಾದರೆ ತನಗೆ ಈ ಭೂಮಿಯ ಮೇಲೆ ಯಾರೂ ಇಲ್ಲ. ಗಂಡ ಇವತ್ತಲ್ಲ ನಾಳೆ ಸರಿಹೋಗುತ್ತಾನೆ ಎಂಬುದನ್ನು ಸಣ್ಣಿಗೆ ಬುದ್ಧಿಮಾತಿನ ಹಾಗೆ ಹೇಳಿದರೆ ನಂಬುತ್ತಿರಲಿಲ್ಲ. ಕಥೆಯಲ್ಲಿ ಹೇಳಿದರೆ ನಂಬುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ನಂಬಿದ್ದು ಪ್ರೇಮದ ಕಾದಂಬರಿಯನ್ನು. ಅದರಲ್ಲೊಬ್ಬ ಗಂಡ, ಮೊದಲು ಹೂವಿನಂಥವನು, ಆಮೇಲೆ ಬೆಲ್ಟಿನವನು. ಹೆಂಡತಿ ಒಂದು ಬೆಳಿಗ್ಗೆ ಚೀಲ ಹಿಡಿದು ದೋಣಿಕಟ್ಟೆಗೆ ಹೋಗುತ್ತಾಳೆ. “ಆಮೇಲೆ?” ಎಂದು ಸಣ್ಣಿ ಶೀಟಿನ ತುದಿ ಬಿಡದೆ ನಿಂತಿದ್ದಳು. ಅಕ್ಕ ಹೇಳಿದ್ದು ಹೀಗೆ: ದೋಣಿ ಬಿಡುವ ಹೊತ್ತಿಗೆ ಗಂಡ ಓಡಿ ಬಂದ, ಊರವರೆಲ್ಲ ನೋಡುತ್ತಿರುವಾಗ ಅವಳ ಕಾಲಿಗೆ ಬಿದ್ದ, ಇಬ್ಬರೂ ಕೈ ಹಿಡಿದು ಮನೆಗೆ ಬಂದರು. ಹೇಳುತ್ತ ಹೇಳುತ್ತ ಅಕ್ಕನ ಕಣ್ಣಲ್ಲೇ ನೀರು ಬಂತು. ಎಷ್ಟು ಸಲ ಹೇಳಿಸಿಕೊಂಡಳೋ ಸಣ್ಣಿ, ಎಷ್ಟು ಸಲ ಹೇಳಿದಳೋ ಅಕ್ಕ, ಪುಸ್ತಕದಲ್ಲಿ ಇದ್ದದ್ದೇ ಹಾಗೆ ಎಂದು ಅವಳಿಗೇ ಅನ್ನಿಸತೊಡಗಿತ್ತು.

ಇದನ್ನು ಕೆಡಿಸಿದವನು ಲಾಂಡ್ರಿಯ ಬಾಯ್ಲರ್‌ನವನು. ಅಕ್ಕ ಪುಸ್ತಕ ತರುತ್ತಿದ್ದ ಬಾಡಿಗೆ ಲೈಬ್ರರಿಗೆ ಅವನೂ ಗಿರಾಕಿ, ಅಕ್ಕ ಹಿಂತಿರುಗಿಸಿದ್ದನ್ನು ತಂದು ಓದುವವನು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಅಂದ, “ಪುಸ್ತಕದಕ್ಕ, ಆ ಪ್ರೇಮದ್ದು ಓದಿದೆ. ಭಾರಿ ಗಟ್ಟಿಗಿತ್ತಿ ಕಣ್ರೀ ಅವಳು. ದೋಣಿ ಹತ್ತಿ ಹೊರಟೇಬಿಟ್ಟಳಲ್ಲ, ತಿರುಗಿ ಕೂಡ ನೋಡಲಿಲ್ಲ.”

ಅಕ್ಕ ತುತ್ತು ಹಿಡಿದವಳು ಹಿಡಿದಂತೇ ಕೂತಳು. ಸಣ್ಣಿ ಡಬ್ಬಿ ಮುಚ್ಚಿ ಎದ್ದು ಹೋದಳು.

ಊಟವಾದ ಮೇಲೆ ಮೊದಲ ಶೀಟನ್ನು ಸಣ್ಣಿ ಎಂದಿಗಿಂತ ಜೋರಾಗಿ ಎಳೆದಳು. ಅಕ್ಕನ ಬೆರಳಿಂದ ತುದಿ ಜಾರಿತು.

“ದೋಣಿ ಹೋಯ್ತಂತೆ,” ಎಂದಳು ಸಣ್ಣಿ, ಎದುರು ಬಂದಾಗ.

“ಅವನಿಗೇನು ಗೊತ್ತು, ಅರ್ಧಂಬರ್ಧ ಓದ್ತಾನೆ.”

“ನನ್ನ ಮುಖ ನೋಡಿ ಹೇಳಿ.”

ಅಕ್ಕ ಶೀಟಿನ ಅಂಚು ನೋಡಿದಳು.

“ಗೋಡೆ ಕಥೇಲಿ ಆ ಎರಡನೇ ಹೆಂಡತಿ ಏನಾದಳು?”

“ಅವಳೂ ಒಳಗೆ ಹೋದಳು.”

“ಡಾಕ್ಟರ ಹೆಂಡತಿ?”

“ಸತ್ತಳು.”

ಸಣ್ಣಿ ಅಳಲಿಲ್ಲ. ಅತ್ತಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು. “ಅವನು ಹೊಟ್ಟೆಗೆ ಒದೀವಾಗೆಲ್ಲ ನಾನು ಆ ದೋಣಿಕಟ್ಟೇನೇ ನೆನೆಸ್ಕೋತಿದ್ದೆ ಅಕ್ಕ. ಇವನೂ ಒಂದಿನ ಬೀಳ್ತಾನೆ ಕಾಲಿಗೆ ಅಂತ. ಇಲ್ಲದಿದ್ರೆ ಯಾವತ್ತೋ ಹೋಗ್ತಿದ್ದೆ. ಪಕ್ಕೆ ಮುರಿಯೋಕೆ ಮುಂಚೆ ಹೋಗ್ತಿದ್ದೆ.” ಮೂಲೆಗೆ ಮೂಲೆ ಸೇರಿಸಿ, ಮಡಿಕೆಯನ್ನು ಅಂಗೈಯಿಂದ ತೀಡಿದಳು. “ಸಂಜೆ ನಾನು ಮನೆಗೆ ಬರಲ್ಲ. ಗೇಟಿಂದ ಸೀದಾ ಬಸ್ಸಿಗೆ, ನಮ್ಮ ದೊಡ್ಡಮ್ಮನ ಹತ್ರ. ಅವನಿಗೆ ಹೇಳ್ಬೇಡಿ. ಇದೊಂದನ್ನಾದ್ರೂ ಇದ್ದ ಹಾಗೆ ಬಿಡಿ.”

ಒಂದು ಗಂಟೆ ಕೂಡ ಅಕ್ಕನ ಹೊಟ್ಟೆಯಲ್ಲಿ ಆ ಮಾತು ನಿಲ್ಲಲಿಲ್ಲ. ಈಗ ಬೈಯಬೇಡಿ, ಮುಂದೆ ಬೈಯುವುದು ಬೇಕಾದಷ್ಟಿದೆ. ಅವಳ ತಲೆಯಲ್ಲಿ ಇದ್ದದ್ದು ದೋಣಿಕಟ್ಟೆ. ಅವಳೇ ಕಟ್ಟಿದ ದೋಣಿಕಟ್ಟೆ, ಅವಳೇ ಓಡಿಸಿ ತಂದ ಗಂಡ. ಹೆಂಡತಿ ನಿಜವಾಗಿಯೂ ಹೊರಟಳೆಂದು ಗೊತ್ತಾದರೆ ತಮ್ಮನಿಗೆ ಎದೆ ಧಸಕ್ಕೆನ್ನುತ್ತದೆ, ಓಡಿ ಬರುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದೇ ನಂಬಿದಳು. ಅಷ್ಟು ಪುಸ್ತಕ ಓದಿದ ಹೆಂಗಸು.

ತಮ್ಮ ಅಂಗಳದಲ್ಲಿ ವ್ಯಾನಿನಿಂದ ಆಸ್ಪತ್ರೆಯ ಬಟ್ಟೆಗಂಟು ಇಳಿಸುತ್ತಿದ್ದ.

“ನಿನ್ನ ಹೆಂಡತಿ ಇವತ್ತು ಹೊರಟಿದಾಳೆ ಕಣೋ. ಹೋಗಿ ಸಮಾಧಾನವಾಗಿ ಮಾತಾಡು. ತಪ್ಪಾಯ್ತು ಅನ್ನು. ಕಾಲು ಹಿಡಿದ್ರೂ ಏನೂ ಹೋಗಲ್ಲ, ನಿನ್ನ ಹೆಂಡತಿ ತಾನೇ.”

“ಆಯ್ತಕ್ಕ,” ಎಂದ ಅವನು, ಬಹಳ ಮೆತ್ತಗೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ನಡೆದ. ಕಾಲಿಗೆ ಬೀಳುವುದನ್ನು ನೋಡಲು ಅಕ್ಕ ಹಿಂದೆಯೇ ಹೋದಳು.

ಸಣ್ಣಿ ಆಗ ಇಸ್ತ್ರಿ ರೋಲರ್‌ನ ಬಾಯಿಗೆ ಶೀಟು ಕೊಡುತ್ತಿದ್ದಳು. ಎರಡಾಳುದ್ದದ ಕಾದ ಉಕ್ಕಿನ ಉರುಳೆ ಅದು. ಒದ್ದೆ ಶೀಟನ್ನು ಈ ಕಡೆ ಕಚ್ಚಿಸಿದರೆ ಆ ಕಡೆ ಒಣಗಿ ಚಪ್ಪಟೆಯಾಗಿ ಬರುತ್ತದೆ. ಬೆರಳು ಸಿಕ್ಕದಂತೆ ಹಾಕಿದ್ದ ತಡೆಪಟ್ಟಿಯನ್ನು ಕೆಲಸ ನಿಧಾನವಾಗುತ್ತದೆಂದು ಸೂಪರ್‌ವೈಸರ್ ಎಂದೋ ಕಳಚಿಸಿದ್ದ. ನಿಲ್ಲಿಸಲು ಪಕ್ಕದ ಕಂಬದಲ್ಲಿ ಒಂದು ಕೆಂಪು ಬಟನ್.

ತಮ್ಮ ಹಿಂದಿನಿಂದ ಹೋಗಿ ಸಣ್ಣಿಯ ಜಡೆಯನ್ನು ಮುಂಗೈಗೆ ಸುತ್ತಿಕೊಂಡು, ಅವಳ ಹಣೆಯನ್ನು ಯಂತ್ರದ ಅಂಚಿಗೆ ಬಡಿದ. ಒಂದು ಸಲ, ಇನ್ನೊಂದು ಸಲ. ಹಣೆ ಒಡೆದು ಬಿಳಿ ಶೀಟಿನ ಮೇಲೆ ರಕ್ತ ಚಿಮ್ಮಿತು, ಶೀಟು ಅದನ್ನು ಹೊತ್ತುಕೊಂಡೇ ಉರುಳೆಯೊಳಗೆ ಹೋಯಿತು, ಸುಟ್ಟ ವಾಸನೆ ಬಂತು. ಹಾಲ್‌ನಲ್ಲಿದ್ದ ಹೆಂಗಸರು ಗೋಡೆಗೆ ಒತ್ತಿಕೊಂಡರು.

“ಯಾವ ಕೈಯಲ್ಲೇ ಚೀಲ ಹಿಡ್ಕೊಂಡು ಹೋಗ್ತೀಯ?” ಎಂದ ತಮ್ಮ. “ಇದಾ? ಇದಾ?” ಅವಳ ಬಲಗೈ ಮಣಿಕಟ್ಟು ಹಿಡಿದು ಉರುಳೆಯ ಬಾಯಿಗೆ ಒತ್ತತೊಡಗಿದ. ಸಣ್ಣಿಯ ಬೆರಳ ತುದಿ ಉಕ್ಕಿಗೆ ತಾಗಿ ಚುರ್ರೆಂದಿತು. ಅವಳು ಕಿರುಚಿದ ಕಿರುಚಿಗೆ ಬಾಯ್ಲರ್‌ನವನು ತನ್ನ ಕೋಣೆಯಿಂದ ಓಡಿ ಬಂದ.

“ಬಿಡೋ ಅವಳನ್ನ,” ಎಂದಳು ಅಕ್ಕ. ಜನ್ಮದಲ್ಲಿ ಮೊದಲ ಸಲ ತಮ್ಮನಿಗೆ ಅಂದ ಮಾತು. ಅವನಿಗದು ಕೇಳಿಸಲೇ ಇಲ್ಲ. ಅಕ್ಕ ಕಂಬದತ್ತ ಓಡಿದಳು.

ಅಷ್ಟರಲ್ಲಿ ಸಣ್ಣಿ ಕತ್ತು ತಿರುಗಿಸಿ ಅವನ ತೋಳಿಗೆ ಬಾಯಿ ಹಾಕಿದಳು. ಉಳಿದ ಹಲ್ಲುಗಳಷ್ಟನ್ನೂ ಇಳಿಸಿ, ತುಂಡು ಬಾಯಿಗೆ ಬರುವ ಹಾಗೆ ಕಚ್ಚಿದಳು. ಅವನ ಹಿಡಿತ ಸಡಿಲವಾಯಿತು, ಅವಳು ನೆಲಕ್ಕೆ ಬಿದ್ದಳು. ಆಯ ತಪ್ಪಿದ ಅವನು ಕೈಗೆ ಸಿಕ್ಕ ಒದ್ದೆ ಶೀಟನ್ನೇ ಆಸರೆಗೆ ಹಿಡಿದ. ಶೀಟಿನ ಮುಂದಿನ ತುದಿ ಆಗಲೇ ಉರುಳೆಯೊಳಗಿತ್ತು. ಅದು ಅವನ ಬೆರಳಿಗೆ, ಮಣಿಕಟ್ಟಿಗೆ ಸುತ್ತಿಕೊಂಡು ಕೈಯನ್ನು ಒಳಗೆ ಎಳೆದುಕೊಂಡಿತು.

“ಅಕ್ಕಾ,” ಎಂದ ತಮ್ಮ.

ಅಕ್ಕನ ಅಂಗೈ ಕೆಂಪು ಬಟನ್ ಮೇಲಿತ್ತು. ಒತ್ತುವುದಷ್ಟೇ ಬಾಕಿ. ಅವಳಿಗೆ ಅವನ ಮೇಲೆ ಪ್ರಾಣ, ಆ ಕ್ಷಣದಲ್ಲೂ ಪ್ರಾಣ. ಅವನ ಬೆರಳುಗಳನ್ನು ಒಂದೊಂದಾಗಿ ತೊಳೆದು ಊಟಕ್ಕೆ ಕೂರಿಸಿದವಳು ಅವಳು. ನೆಲದ ಮೇಲೆ ಸಣ್ಣಿ, ರಕ್ತದಲ್ಲಿ ಕಣ್ಣು ಕಾಣದೆ, ಸುಟ್ಟ ಕೈಯನ್ನು ಎದೆಗೊತ್ತಿಕೊಂಡು ಬಾಗಿಲಿನತ್ತ ತೆವಳುತ್ತಿದ್ದಳು. ಈಗ ಬಟನ್ ಒತ್ತಿದರೆ ಇವನ ಕೈ ಉಳಿಯುತ್ತದೆ, ಆ ಕೈ ಅವಳನ್ನು ಬಾಗಿಲು ದಾಟಲು ಬಿಡುವುದಿಲ್ಲ. ಇದು ಅಕ್ಕನಿಗೆ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ಎಲುಬು ಮುರಿಯುವ ಸದ್ದು ಬಂತು. ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ ಸದ್ದು, ಆದರೆ ಇದಕ್ಕೆ ಅಡ್ಡ ಹಿಡಿಯಲು ಅವಳ ಕೈಯಲ್ಲಿ ಪುಸ್ತಕವಿರಲಿಲ್ಲ. ಅವಳು ನೋಡಿದಳು. ಮಣಿಕಟ್ಟು ಹೋಯಿತು, ಮುಂಗೈ ಅರ್ಧ ಹೋಯಿತು. ಸಣ್ಣಿ ಬಾಗಿಲು ದಾಟಿದಳು. ಆಗ ಅಕ್ಕ ಒತ್ತಿದಳು.

ಆಸ್ಪತ್ರೆಯಲ್ಲಿ ತಮ್ಮನ ಕೈಯನ್ನು ಮೊಣಕೈ ಕೆಳಗೆ ತೆಗೆದರು. ಸೂಪರ್‌ವೈಸರ್ ಬಂದವನು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ, “ಬಟನ್ ಕೆಟ್ಟಿತ್ತು ಅಂದ್ಬಿಡಿ ಸಾಕು. ಎಲ್ಲರಿಗೂ ಒಳ್ಳೇದು.” ಬಾಯ್ಲರ್‌ನವನು ಅಲ್ಲೇ ನಿಂತಿದ್ದ, ಬಟನ್ ಮೇಲಿದ್ದ ಅಕ್ಕನ ಕೈಯನ್ನು ಕಣ್ಣಾರೆ ಕಂಡವನು. ಸಣ್ಣಿಯ ಹಣೆಗೆ ಹೊಲಿಗೆ ಹಾಕಿಸಿ, ಅವಳನ್ನು ಬಸ್ಸು ಹತ್ತಿಸಿ ಬಂದದ್ದು ಅವನೇ. ಅವಳು ಅಕ್ಕನಿಗೆ ಏನನ್ನೂ ಹೇಳಿ ಕಳಿಸಿರಲಿಲ್ಲ.

ಮೂರನೆಯ ದಿನ ತಮ್ಮನಿಗೆ ಸರಿಯಾಗಿ ಎಚ್ಚರವಾಯಿತು. ಅಕ್ಕ ಅವನ ತುಟಿಗೆ ಚಮಚದಲ್ಲಿ ನೀರು ಬಿಟ್ಟಳು. ಅವನು ಚಿಕ್ಕವನಿದ್ದಾಗಿನ ಮುಖ ಮಾಡಿಕೊಂಡು ನುಂಗಿದ.

“ಅವಳು ಬರ್ತಾಳಾ ಅಕ್ಕ?”

ಬರ್ತಾಳೆ ಎನ್ನುವುದು ಅಕ್ಕನ ನಾಲಿಗೆಯ ತುದಿಗೇ ಬಂತು. ಅವಳು ಚಮಚ ಕೆಳಗಿಟ್ಟಳು.

“ಇಲ್ಲ. ಬರಲ್ಲ.”

ಅವನು ಉಳಿದ ಕೈಯಿಂದ ಬ್ಯಾಂಡೇಜನ್ನು ಮುಟ್ಟಿದ. ಆಮೇಲೆ ಕೇಳಿದ, “ನಿನಗೆ ಆ ಬಟನ್ ಸಿಗಲಿಲ್ವಾ?”

“ಸಿಕ್ಕಿತ್ತು ಕಣೋ,” ಎಂದಳು ಅಕ್ಕ. “ಕೈ ಅದರ ಮೇಲೇ ಇತ್ತು.”