ಹತ್ತನೆಯವರ ಎರಡನೇ ಇಸವಿ

ಆ ಆಂಗ್ಲಿಕನ್ ಧರ್ಮಪ್ರಾಂತ್ಯದ ನೂರಿಪ್ಪತ್ತು ವರ್ಷಗಳ ಚರಿತ್ರೆಯೆಲ್ಲ ದೊಡ್ಡ ಚರ್ಚಿನ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲಿತ್ತು. ಒಂಬತ್ತು ಬಿಷಪ್ಪರು, ಒಂಬತ್ತು ಸಾಲು. ಪ್ರತಿ ಹೆಸರಿನ ಮುಂದೆ ಪೀಠಕ್ಕೆ ಬಂದ ಇಸವಿ, ಒಂದು ಗೀಟು, ಹೋದ ಇಸವಿ. ಶಾಲೆ ಕಟ್ಟಿಸಿದ ಮೂರನೆಯವರಿಗೂ, ಸಭೆಗಳ ನಡುವೆ ಜಗಳ ಹಚ್ಚಿದ ಆರನೆಯವರಿಗೂ ಅಷ್ಟೇ ಜಾಗ. ಹಲಗೆಗೆ ಮುಖದಾಕ್ಷಿಣ್ಯ ಗೊತ್ತಿಲ್ಲ.

ಕೊನೆಯ ನಾಲ್ಕು ಸಾಲು ಬರೆದವನು ಅವಳ ಅಪ್ಪ. ಅವನ ಕಣ್ಣು ಮಂಜಾದ ಮೇಲೆ ಕುಂಚ ಮಗಳ ಕೈಗೆ ಬಂದಿತ್ತು. ಮೂಗು ಮುರಿಯುತ್ತಲೇ ಒಪ್ಪಿದ್ದ ಚರ್ಚಿನ ಕಾರ್ಯದರ್ಶಿ, ಒಂದಕ್ಷರ ತಪ್ಪಿದರೂ ಇನ್ನು ಮುಂದೆ ಕೆಲಸ ಬೇರೆಯವರಿಗೆ ಎಂದಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದೇ ಚರ್ಚು, ಅದರ ಶಾಲೆಗಳ ಹಲಗೆ ಬರೆಯುವ ಕೆಲಸದಿಂದ.

ಅವಳು ಒಂಬತ್ತನೆಯವರ ಗೀಟಿನಾಚೆ ಈ ವರ್ಷವನ್ನು ತುಂಬಿದಳು. ಹತ್ತನೆಯವರ ಹೆಸರು ಮುತ್ತು ಪೋಣಿಸಿದಂತೆ ಬಂತು. ಬಂದ ಇಸವಿ ಬರೆದಳು, ಗೀಟೆಳೆದಳು. ಮೇಲಿನ ಸಾಲುಗಳನ್ನು ನೋಡಿ ನೋಡಿ ರೂಢಿಯಾಗಿದ್ದ ಕೈ ಅಲ್ಲಿಗೆ ನಿಲ್ಲಲಿಲ್ಲ. ಗೀಟಿನಾಚೆಗೂ ಇದೇ ವರ್ಷ ಬಂದು ಕೂತಿತ್ತು.

ಏಣಿಯ ಮೇಲೆಯೇ ಅವಳು ಕುಂಚವನ್ನು ಹಿಂದಕ್ಕೆಳೆದುಕೊಂಡಳು. ಪೀಠವೇರಿ ಇನ್ನೂ ವಾರವಾಗದ ಮನುಷ್ಯನ ಕಥೆಯನ್ನು ಅವಳು ಮುಗಿಸಿಬಿಟ್ಟಿದ್ದಳು.

"ಅಪ್ಪಾ, ಹೋದ ಇಸವಿನೂ ಬರೆದುಬಿಟ್ಟೆ!"

ಏಣಿ ಹಿಡಿದಿದ್ದ ಅಪ್ಪ ಬಿಳುಚಿಕೊಂಡ. "ಒರೆಸಬೇಡ, ಚಿನ್ನದ ಬಣ್ಣ ಹರಡುತ್ತೆ. ಮೇಲೆ ಕಪ್ಪು ಬಳಿ. ಬೇಗ!"

ಡಬ್ಬದ ಮುಚ್ಚಳ ತೆಗೆಯುವಷ್ಟರಲ್ಲಿ ಹೆಜ್ಜೆ ಸದ್ದು ಕೇಳಿತು. ಬಂದವರು ಹೊಸ ಬಿಷಪ್ಪರೇ, ಒಬ್ಬರೇ. ಹಲಗೆಯ ಕಡೆ ತಲೆಯೆತ್ತಿ ನೋಡಿದವರು ಹಾಗೇ ಬೆಂಚಿನ ಮೇಲೆ ಕುಸಿದರು.

ಅವಳು ಏಣಿಯಿಂದ ಇಳಿದಳು. "ತಪ್ಪಾಯ್ತು ಅಯ್ಯನವರೇ, ಹೊಟ್ಟೆ ಮೇಲೆ ಹೊಡೀಬೇಡಿ..."

ಅವರಿಗೆ ಅದು ಕೇಳಿಸಿದಂತಿರಲಿಲ್ಲ. ನಿಲುವಂಗಿಯ ಜೇಬಿನಲ್ಲಿದ್ದ ಕಾಗದವನ್ನು ಅವರು ಮೇಲಿಂದಲೇ ಒತ್ತಿ ಹಿಡಿದಿದ್ದರು.

"ಡಾಕ್ಟರು ನನಗೆ ಹೇಳಿ ಇನ್ನೂ ಒಂದು ಗಂಟೆ ಆಗಿಲ್ಲ," ಎಂದರು. "ನಿಮಗೆ ಯಾರಮ್ಮ ಹೇಳಿದ್ರು?"

ಅವಳು ಅಪ್ಪನ ಕಡೆ ನೋಡಿದಳು, ಅಪ್ಪ ಅವಳ ಕಡೆ ತಿರುಗಿದ. ಇಷ್ಟು ಹೊತ್ತು ಒಲೆ ಆರೀತೆಂದು ಹೆದರಿದ್ದವಳಿಗೆ ಈಗ ತನ್ನ ಕೈಯನ್ನು ಕಂಡೇ ಭಯವಾಯಿತು. ಯಾರೂ ಹೇಳಿಲ್ಲವೆಂಬುದು ಅವರಿಗೂ ತಿಳಿಯಿತು.

"ಕಾರ್ಯದರ್ಶಿ ಬರೋದ್ರೊಳಗೆ ಮುಚ್ಚಿಬಿಡು," ಎಂದರು ಕೊನೆಗೆ. "ತೆಳ್ಳಗೇ ಬಳಿಯಮ್ಮ. ಆಮೇಲೆ ಕೆರೆದು ತೆಗೆಯೋಕೆ ಸುಲಭ ಆಗ್ಲಿ."