ಮಿಲ್ವಿಯಾಳನ್ನು ಕರೆತಂದ ನಸುಕು

ಈ ಊರಿನಲ್ಲಿ ಬೆಳಗು ಮೊದಲು ಕಿವಿಗೆ ಬರುತ್ತದೆ. ಜೋಳದ ಗಿರಣಿ ಗುಡುಗುಡು ಎನ್ನುತ್ತದೆ, ಆಮೇಲೆ ಕೋಳಿಗಳು, ಪೇಟೆಯ ಬಸ್ಸಿನ ಹಾರ್ನ್, ಕೊನೆಗೆ ಮನೆಮನೆಯಲ್ಲೂ ರೊಟ್ಟಿ ತಟ್ಟುವ ಸದ್ದು. ಹೊಂಡುರಾಸಿನಲ್ಲಿ ಹುಟ್ಟಿದ ನಾನು ಗ್ವಾಟೆಮಾಲಾದ ಈ ಗುಡ್ಡದೂರಿಗೆ ಮದುವೆಯಾಗಿ ಬಂದು ಒಂಬತ್ತು ವರ್ಷ. ಯಾವ ತಟ್ಟು ಯಾರದೆಂದು ಹಾಸಿಗೆಯಲ್ಲೇ ಗೊತ್ತಾಗುತ್ತಿತ್ತು. ಪಕ್ಕದ ಮನೆಯ ನಿಕೊಲಾಸಾ ಅಜ್ಜಿಯದು ಎಲ್ಲರಿಗಿಂತ ನಿಧಾನ. ನಾನು ಅಂಗಳಕ್ಕೆ ಬಂದರೆ ಸಾಕು, ಗೋಡೆಯಾಚೆಯಿಂದಲೇ "ಏನೇ ಪರದೇಶಿ, ಎದ್ಯಾ?" ಎನ್ನುತ್ತಿದ್ದಳು. ಎದ್ದೆ ಅಜ್ಜಿ ಎಂದು ಹೇಳಿದ ಮೇಲೆಯೇ ನನ್ನ ಒಲೆ ಹೊತ್ತುತ್ತಿದ್ದದ್ದು.

ಆ ಅಜ್ಜಿ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಕುಸಿದು ಸತ್ತಳು. ಹತ್ತಿರವಿದ್ದವಳು ನನ್ನ ಆರು ವರ್ಷದ ಮಗಳು ಮಿಲ್ವಿಯಾ ಒಬ್ಬಳೇ; ದಿನವೂ ಮೊದಲ ರೊಟ್ಟಿಗೆ ಉಪ್ಪು ಸವರಿಸಿಕೊಂಡು ತಿನ್ನಲು ಅಲ್ಲಿಗೆ ಹೋಗುತ್ತಿದ್ದಳು. ಅಂದಿನಿಂದ ಮಗು ಮಾತಾಡಲಿಲ್ಲ, ಉಣ್ಣಲಿಲ್ಲ. ಗಂಜಿ ಬಾಯಿಗಿಟ್ಟರೆ ತುಟಿಯಂಚಿನಿಂದ ಇಳಿದುಹೋಗುತ್ತಿತ್ತು. ಪೇಟೆಯ ಡಾಕ್ಟರು ಕೊಟ್ಟ ಟಾನಿಕ್ಕೂ ಹಾಗೇ; ನೀರಷ್ಟೇ ಗುಟುಕು ಗುಟುಕಾಗಿ ಒಳಗೆ ಹೋಗುತ್ತಿತ್ತು. ಹನ್ನೊಂದನೆಯ ದಿನ ಲಂಗ ಅವಳ ಸೊಂಟದಲ್ಲಿ ನಿಲ್ಲಲಿಲ್ಲ.

ಗಂಡನ ಸೋದರತ್ತೆ ತೊಮಾಸಾ ಬಂದು ಮಗುವಿನ ನಾಡಿ ಹಿಡಿದು ನೋಡಿದಳು. ಮಗು ಬೆಚ್ಚಿದೆ, ಮೈ ಮಾತ್ರ ಮನೆಗೆ ಬಂದಿದೆ, ಜೀವ ಆ ಒಲೆಯ ಬಳಿಯೇ ಕೂತಿದೆ ಎಂದಳು. ಹೆತ್ತವಳು ನಸುಕಿನಲ್ಲಿ ಹೋಗಿ, ಮಗುವಿನ ಅಂಗಿಯಿಂದ ಆ ನೆಲವನ್ನು ಬಡಿದು, ಹೆಸರು ಹಿಡಿದು ಕೂಗುತ್ತ ಮನೆತನಕ ಕರೆತರಬೇಕಂತೆ.

"ನೋಡಮ್ಮ, ದಾರೀಲಿ ಯಾರು ಮಾತಾಡಿಸಿದ್ರೂ ಓಗೊಡ್ಬೇಡ. ಓಗೊಟ್ರೆ ಅವ್ರೂ ನಿನ್ ಹಿಂದೆ ಬಂದ್ಬಿಡ್ತಾರೆ."

"ಇವಳಾ?" ಎಂದ ನನ್ನ ಗಂಡ ಎವರಿಸ್ತೊ. "ದಾರೀಲಿ ಕತ್ತೆ ಕೆಮ್ಮಿದ್ರೂ ಚೆನ್ನಾಗಿದ್ದೀಯಾ ಅಂತಾಳೆ."

ಮರುದಿನ ಗಿರಣಿ ಶುರುವಾಗುವ ಮೊದಲೇ ಹೋದೆ. ಅಜ್ಜಿಯ ಒಲೆ ತಣ್ಣಗಿತ್ತು. ಹಳದಿ ಅಂಗಿಯಿಂದ ನೆಲಕ್ಕೆ ಮೂರು ಸಲ ಬಡಿದೆ. ಮಿಲ್ವಿಯಾ, ಬಾ ಕಂದ, ಮನೆಗೆ ಹೋಗೋಣ ಎಂದೆ. ಎತ್ತಿಕೊಂಡಾಗ ಅಂಗಿ ತುಸು ಭಾರವಾಗಿತ್ತೆಂದು ಈಗಲೂ ಅನ್ನಿಸುತ್ತದೆ. ಕೂಗುತ್ತ ಹೊರಬಂದೆ. ಬಸ್ಸಿಗೆ ಕಾಯುತ್ತಿದ್ದವನೊಬ್ಬ ಮಾತಾಡಿಸಿದ. ಅವನತ್ತ ನೋಡದೆ ಹೆಸರು ಕೂಗುತ್ತಲೇ ನಡೆದೆ. ನಮ್ಮ ಅಂಗಳಕ್ಕೆ ಕಾಲಿಟ್ಟಾಗ, ಈಗಷ್ಟೇ ಬಿಟ್ಟುಬಂದ ಆ ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬಂತು, ನಿಧಾನವಾಗಿ.

"ಏನೇ ಪರದೇಶಿ, ಎದ್ಯಾ?"

"ಎದ್ದೆ ಅಜ್ಜಿ."

ಒಂಬತ್ತು ವರ್ಷ ಪಳಗಿದ ಬಾಯಿ, ತಡೆಯುವುದರೊಳಗೆ ಆಡಿಬಿಟ್ಟಿತ್ತು. ಗೋಡೆಯಾಚೆ ಸದ್ದು ನಿಂತಿತು. ನಾನು ತಿರುಗಿ ನೋಡಲಿಲ್ಲ. ಮಿಲ್ವಿಯಾ, ಮಿಲ್ವಿಯಾ ಎನ್ನುತ್ತ ಒಳಗೆ ಹೋಗಿ ಅಂಗಿಯನ್ನು ಅವಳ ಎದೆಯ ಮೇಲೆ ಹೊದಿಸಿದೆ.

ಮಗು ಕಣ್ಣು ಬಿಟ್ಟು, ಹಸಿವು ಎಂದಿತು.

ರೊಟ್ಟಿ ಬೇಯಿಸಿ, ಕಾಳಿನ ಪಲ್ಯ ಬಿಸಿ ಮಾಡಿ ಬಡಿಸಿದೆ. ಎರಡು ತಿಂದಳು, ಮೂರನೆಯದಕ್ಕೆ ಕೈಚಾಚಿದಳು. ರಾತ್ರಿಯಿಡೀ ಮಗುವಿನ ಬಳಿ ಕೂತಿದ್ದ ತೊಮಾಸಾ ಕಣ್ಣೊರೆಸಿಕೊಳ್ಳುತ್ತ, ಹೇಳಿದ ಹಾಗೇ ಮಾಡಿದೆ ತಾನೇ ಎಂದು ಕೇಳಿದಳು. ಹೂಂ ಎಂದೆ.

ಆಗ ಮಿಲ್ವಿಯಾ ಬೆಂಚಿನ ತುದಿಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಅಜ್ಜಿಗೂ ಒಂದು ತಟ್ಟೆ ಇಡಮ್ಮ."

ತೊಮಾಸಾ ನನ್ನ ಮುಖ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಇನ್ನೂ ಹೊತ್ತು ಮೀರಿಲ್ಲ, ಅಂಗಿಯನ್ನು ಆ ಒಲೆಯ ಬಳಿ ಕೊಡವಿ ಬಾ, ಬಂದವರು ಹೋಗುತ್ತಾರೆ ಎಂದಳು. ಅಂಗಿಯನ್ನು ಕೈಗೆತ್ತಿಕೊಂಡೆ. ಕೊಡವಿದರೆ ಅಜ್ಜಿಯೊಬ್ಬಳೇ ಉದುರುತ್ತಾಳೆಯೇ, ಜೊತೆಗೆ ಇವಳ ಜೀವವೂ ಉದುರೀತೇ? ಕೇಳಿದೆ. ತೊಮಾಸಾ ಮಗುವಿನ ನಾಡಿಗೆಂದು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಮಗಳು ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದಳು. ನಾನು ಅಂಗಿಯನ್ನು ಮಡಿಸಿಟ್ಟು, ಇನ್ನೊಂದು ತಟ್ಟೆ ತೊಳೆದು ತಂದೆ.