ಹತ್ತು ಮೆಟ್ಟಿಲ ದೂರದಿಂದ ಮಾಲೀಶು

ಗುರುವಾರ ದಾಹೀಬೆನ್ ಬರಲಿಲ್ಲ.

ಎರಡು ವಾರಗಳಿಂದ ಒಂದು ದಿನವೂ ತಪ್ಪದೆ ಒಂಬತ್ತೂವರೆಗೆ ಬಾಗಿಲು ತಟ್ಟುತ್ತಿದ್ದ ಹೆಂಗಸು. ಹತ್ತಾಯಿತು, ಹನ್ನೊಂದಾಯಿತು. ಚೈತ್ರಾ ಕೊಬ್ಬರಿ ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಎರಡು ಸಲ ಬೆಚ್ಚಗೆ ಮಾಡಿದ್ದಳು. ಎರಡು ಸಲವೂ ಅದು ಆರಿಹೋಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆದೇ ನಡೆದಳು. ನಿಂತರೆ ಮಗು ಅಳುತ್ತಿತ್ತು. ನಡೆದರೂ ಅಳುತ್ತಿತ್ತು, ಸ್ವಲ್ಪ ಕಡಿಮೆ.

ಚೌತಿ ಕಳೆದ ಮೇಲೆ ಹೆರಿಗೆಗೆ ಕುಂದಾಪುರಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಮಗು ಅಷ್ಟು ದಿನ ಕಾಯಲಿಲ್ಲ. ಎಂಟನೆಯ ತಿಂಗಳಿಗೆ ಕಾಲಿಡುತ್ತಲೇ ಸೂರತ್‌ನ ಆಸ್ಪತ್ರೆಯಲ್ಲಿ ಹುಟ್ಟಿಬಿಟ್ಟಿತು. ಹೆಣ್ಣುಮಗು, ಒಂದು ಕಿಲೋ ಎಂಟುನೂರು ಗ್ರಾಂ. ಹದಿನೈದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರು, ಇನ್ನು ಕೆಲವು ದಿನ ಬಿಟ್ಟು ಹಗುರವಾಗಿ ಎಣ್ಣೆ ತಿಕ್ಕಿಸಿ, ತೂಕ ಹಿಡಿಯುತ್ತದೆ, ನಿದ್ದೆಯೂ ಬರುತ್ತದೆ, ಆದರೆ ಗೊತ್ತಿರುವವರ ಕೈಯಲ್ಲೇ ಮಾಡಿಸಿ ಎಂದಿದ್ದರು. ಆಸ್ಪತ್ರೆಯ ಆಯಾ ತಿಳಿಸಿದ ಮಾಲೀಶಿನವಳೇ ದಾಹೀಬೆನ್. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಚೈತ್ರಾ ಅವಳನ್ನು ಅಲ್ಲಿಯವರಂತೆ ಮಾಸಿ, ಚಿಕ್ಕಮ್ಮ, ಎನ್ನುತ್ತಿದ್ದಳು.

ಮಾಸಿ ಕಾಲು ನೀಡಿ ಕೂತು ಮಗುವನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡ ಕೂಡಲೇ ಚೈತ್ರಾ ಏನೋ ನೆಪ ಮಾಡಿ ಒಳಗೆ ಹೋಗಿಬಿಡುತ್ತಿದ್ದಳು. ನೋಡಲು ಆಗುತ್ತಿರಲಿಲ್ಲ. ಮಗುವಿನ ಕಾಲುಗಳು ತನ್ನ ಹೆಬ್ಬೆರಳಿನಷ್ಟೇ ದಪ್ಪ. ಮಗುವನ್ನು ಎತ್ತುವಾಗ ಅವಳು ಯಾವಾಗಲೂ ಟವೆಲಿನ ಸಮೇತ ಎತ್ತುತ್ತಿದ್ದಳು. ಬರಿಮೈಯನ್ನು ಬರಿಗೈಯಿಂದ ಮುಟ್ಟಲು ಅವಳಿಗೆ ಭಯ. ಮಾಲೀಶು ಮುಗಿದು ಮೀಯಿಸಿ ಕೊಟ್ಟ ಮೇಲೆ ಮಗು ಗಟ್ಟಿಯಾಗಿ ಹಾಲು ಚೀಪಿ ಮೂರು ತಾಸು ಮಲಗುತ್ತಿತ್ತು. ಆ ಮೂರು ತಾಸಿನ ಆಸೆಯಲ್ಲೇ ಚೈತ್ರಾಳ ದಿನ ಸಾಗುತ್ತಿತ್ತು.

ಮಧ್ಯಾಹ್ನ ಗಂಡ ಪ್ರವೀಣ್ ಫ್ಯಾಕ್ಟರಿಯಿಂದ ಹೊತ್ತಿಗೆ ಮುಂಚೆಯೇ ಬಂದ. ಊರ ಹೊರಗೆ ಸಚಿನ್ ಎಂಬಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ವೇಡ್ ರೋಡ್ ಕಡೆ ಪ್ಲೇಗು ಬಂದಿದೆಯಂತೆ, ಕೆಲಸದವರೆಲ್ಲ ಊರಿಗೆ ಹೊರಟರು, ಬಾಯ್ಲರು ಆರಿಸಿ ಗೇಟು ಹಾಕಿದರು ಎಂದ. ಚೈತ್ರಾಳಿಗೆ ಮೊದಲು ನೆನಪಾದದ್ದು ದಾಹೀಬೆನ್ ಇರುವ ಚಾಳು, ಆ ಒಂದೊಂದೇ ಕೋಣೆಯ ಮನೆಗಳ ಸಾಲು. ಅದು ಇದ್ದದ್ದು ವೇಡ್ ರೋಡಿನ ಹತ್ತಿರವೇ.

ಸಂಜೆಯೊಳಗೆ ಉಧನಾ ಬಡಾವಣೆಯ ಅವರ ಕಟ್ಟಡದ ಎಂಟು ಮನೆಗಳಲ್ಲಿ ಐದಕ್ಕೆ ಬೀಗ ಬಿತ್ತು. ಸ್ಕೂಟರುಗಳ ಮೇಲೆ ನಾಲ್ಕು ನಾಲ್ಕು ಜನ, ಟೆಂಪೋಗಳಲ್ಲಿ ಹಾಸಿಗೆ ಗಂಟು. ಮಕ್ಕಳ ಡಾಕ್ಟರರ ಕ್ಲಿನಿಕ್ಕಿಗೆ ಫೋನು ಮಾಡಿದರೆ ರಿಂಗಾಗುತ್ತಲೇ ಇತ್ತು. ಚೈತ್ರಾಳ ಅಮ್ಮ ಪದ್ಮಾವತಿ ಬಾಣಂತನಕ್ಕೆಂದು ಊರಿನಿಂದ ಹೊರಟು ಮುಂಬಯಿಯ ತಮ್ಮನ ಮನೆಯವರೆಗೆ ಬಂದಿದ್ದರು. ಅಲ್ಲಿಂದ ಮುಂದೆ ಬರಲು ತಮ್ಮ ಬಿಡಲಿಲ್ಲ. ಫೋನಿನಲ್ಲಿ ಅಮ್ಮ ಅತ್ತರು. ಕೂಸಿಗೆ ಎಣ್ಣೆ ತಪ್ಪಿಸಬೇಡ ಎಂದು ಮೂರು ಸಲ ಹೇಳಿದರು. ಹೇಗೆ ಎಂದು ಚೈತ್ರಾ ಕೇಳುವಷ್ಟರಲ್ಲಿ ಲೈನು ಹೋಯಿತು.

ವಡೋದರಾದ ಫತೇಗಂಜ್‌ನಲ್ಲಿ ಹೋಟೆಲು ನಡೆಸುವ ಪ್ರವೀಣನ ಚಿಕ್ಕಪ್ಪ ರಘುರಾಮ ತಮ್ಮಲ್ಲಿಗೆ ಬಂದುಬಿಡಿ ಎಂದರು. ಶುಕ್ರವಾರ ಬೆಳಿಗ್ಗೆ ಒಂದು ಚೀಲ, ಒಂದು ಫ್ಲಾಸ್ಕು ಹಿಡಿದು ಗಂಡ ಹೆಂಡತಿ ಸ್ಟೇಷನ್ನಿಗೆ ಹೋದರು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೈಲು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಒಳಗೆ ತೂರಿಕೊಳ್ಳುತ್ತಿದ್ದರು. ಯಾರದೋ ಮೊಣಕೈ ಚೈತ್ರಾಳ ಎದೆಗೆ, ಮಗುವಿನ ತಲೆಯಿಂದ ಎರಡೇ ಬೆರಳು ಅಂತರದಲ್ಲಿ ತಾಗಿತು. ಅವಳು ಹಿಂದೆ ಹಿಂದೆ ಸರಿಯುತ್ತ ಗೋಡೆಗೆ ಒರಗಿ ನಿಂತಳು.

"ನಾನು ಬರುದಿಲ್ಲ. ನೀವು ಬೇಕಾದ್ರೆ ಹೋಗಿ," ಎಂದಳು.

ಪ್ರವೀಣ್ ಅವಳ ಕೈಯಿಂದ ಚೀಲ ತೆಗೆದುಕೊಂಡ. ತಿರುಗಿ ಬರಲು ರಿಕ್ಷಾ ಸಿಗದೆ ಅರ್ಧ ದಾರಿ ನಡೆದರು. ಮನೆ ಮುಟ್ಟಿದ ಮೇಲೂ ಅವಳಿಗೆ ಕೂರಲಾಗಲಿಲ್ಲ. ಕಿಟಕಿ ಮುಚ್ಚಿದಳು, ಸೆಕೆಯಾಯಿತೆಂದು ತೆರೆದಳು, ಗಾಳಿ ಬರುವುದೆಂದು ಮತ್ತೆ ಮುಚ್ಚಿದಳು. ಮಗು ಎದೆಗೆ ಬಾಯಿ ಹಾಕಿ ಎರಡು ಗುಟುಕು ಎಳೆದು ಅತ್ತು ಬಿಡುತ್ತಿತ್ತು. ಅವಳ ಎದೆ ಕಲ್ಲಾಗಿತ್ತು, ಹಾಲು ಇಳಿಯುತ್ತಿರಲಿಲ್ಲ. ಕತ್ತಿನಿಂದ ಸೊಂಟದವರೆಗೆ ಒಂದು ಸೆಳೆತ ಹಿಡಿದಿತ್ತು.

ಶನಿವಾರ ಒಂಬತ್ತೂವರೆಗೆ ಯಾರೋ ಮೆಟ್ಟಿಲ ಕಂಬಿಯನ್ನು ಬಳೆಯಿಂದ ಬಡಿದ ಸದ್ದು. ಪ್ರವೀಣ್ ಬಾಗಿಲು ತೆರೆದ. ಎರಡನೆಯ ಮಹಡಿಗೆ ಬರುವ ಮೆಟ್ಟಿಲ ಸಾಲಿನಲ್ಲಿ, ಎಂಟು ಮೆಟ್ಟಿಲ ಕೆಳಗೆ, ದಾಹೀಬೆನ್ ನಿಂತಿದ್ದಳು. ಸೆರಗನ್ನು ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿದ್ದಳು. ಪ್ರವೀಣ್ ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತ.

"ಮೇಲೆ ಬರಬೇಡಿ," ಎಂದ ಹಿಂದಿಯಲ್ಲಿ.

"ಬರೋದಿಲ್ಲ ಅಂತ ಹೇಳೋಕೇ ಬಂದೆ," ಎಂದಳು ಅವಳು. ಅವಳ ಚಾಳಿನಲ್ಲಿ ಎರಡು ಕೋಣೆ ಆಚೆಯ ಒಬ್ಬನನ್ನು ಬುಧವಾರ ಆಸ್ಪತ್ರೆಗೆ ಒಯ್ದಿದ್ದರಂತೆ. ಚಾಳಿನವರಿಗೆಲ್ಲ ಮಾತ್ರೆ ಕೊಟ್ಟಿದ್ದಾರೆ. ಏಳು ದಿನ ಯಾವ ಮಗುವನ್ನೂ ಮುಟ್ಟುವುದಿಲ್ಲವೆಂದು ಅವಳೇ ತೀರ್ಮಾನಿಸಿದ್ದಾಳೆ. ನನಗೆ ಫೋನು ಮಾಡಲು ಬರುವುದಿಲ್ಲ, ರಿಕ್ಷಾದವರು ಯಾರೂ ನಿಲ್ಲಿಸಲಿಲ್ಲ, ಅದಕ್ಕೆ ನಡೆದೇ ಬಂದೆ ಎಂದಳು.

ಇಷ್ಟು ಹೇಳಿ ಅವಳು ಹೊರಡಬಹುದಿತ್ತು. ಒಳಗಿನಿಂದ ಮಗುವಿನ ಅಳು ಕೇಳಿಸಿತು. ಅವಳು ತಲೆ ವಾಲಿಸಿ ಸ್ವಲ್ಪ ಹೊತ್ತು ಆಲಿಸಿದಳು.

"ಮೂರು ದಿನದಿಂದ ಯಾರೂ ಮುಟ್ಟಿಲ್ಲ ಅಲ್ವಾ?"

ಚೈತ್ರಾ ಗಂಡನ ಕೈಯ ಕೆಳಗಿನಿಂದ ಮುಂದೆ ಬಂದಳು. "ನಂಗೆ ಬರುದಿಲ್ಲ ಮಾಸಿ. ನಂಗೆ ಹೆದರಿಕೆ."

"ಚಾಪೆ ತಗೊಂಡು ಬಾ. ಹೊಸಿಲ ಒಳಗೇ ಕೂತ್ಕೋ. ಎಣ್ಣೆ ಬೆಚ್ಚಗೆ ಮಾಡು. ನಿನ್ನ ಬಳೆ ತೆಗೆದಿಡು."

ಪ್ರವೀಣ್ ಬೇಡವೆಂದ. ಗಾಳಿಯಲ್ಲೇ ಬರುತ್ತದಂತೆ ಎಂದ. ಮಾಸಿ ಇನ್ನೂ ಎರಡು ಮೆಟ್ಟಿಲು ಇಳಿದು, ಇಷ್ಟು ಸಾಕಾ ಎಂದು ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಅವನೇ ಹೋಗಿ ಎಣ್ಣೆ ಬೆಚ್ಚಗೆ ಮಾಡಿ ತಂದ.

ದಾಹೀಬೆನ್ ಮೆಟ್ಟಿಲ ಮೇಲೆ ಕೂತು, ತನ್ನ ಬಟ್ಟೆಚೀಲವನ್ನು ಸುರುಳಿ ಸುತ್ತಿ ಕಾಲಿನ ಮೇಲೆ ಮಲಗಿಸಿಕೊಂಡಳು. ಮೇಲೆ ಚೈತ್ರಾ ಕಾಲು ನೀಡಿ, ಟವೆಲು ಬಿಡಿಸಿ, ಮಗುವನ್ನು ಮೊದಲ ಸಲ ಬರಿಮೈಯಲ್ಲಿ ತನ್ನ ಕಾಲ ಮೇಲೆ ಇಟ್ಟುಕೊಂಡಳು. ಅಂಗೈಗೆ ಎಣ್ಣೆ ಹಾಕಿಕೊಂಡ ಮೇಲೆ ಕೈ ಗಾಳಿಯಲ್ಲೇ ನಿಂತಿತು.

"ಇಳಿಸು," ಎಂದಳು ಮಾಸಿ. "ಪೂರ್ತಿ ಅಂಗೈ. ಬೆರಳ ತುದಿಯಲ್ಲಿ ಮುಟ್ಟಿದ್ರೆ ಅದಕ್ಕೆ ಕಚಗುಳಿ, ಹೆದರಿಕೆ. ಅಂಗೈ ಇಟ್ಟು ಸುಮ್ಮನೆ ಇರು. ಉಜ್ಜಬೇಡ ಇನ್ನೂ."

ಚೈತ್ರಾ ಕೈಯನ್ನು ಮಗುವಿನ ಎದೆಯ ಮೇಲಿಟ್ಟಳು. ಇಡೀ ಎದೆ ಅವಳ ಅಂಗೈಯೊಳಗೆ ಮುಗಿದುಹೋಯಿತು. ಅದರ ಅಡಿಯಲ್ಲಿ ಗುಂಡಿಗೆ ಓಡುತ್ತಿತ್ತು. ಮಗು ಜೋರಾಗಿ ಅತ್ತಿತು, ಕೈಕಾಲು ಝಾಡಿಸಿತು. ಅವಳು ಕೈ ತೆಗೆಯಲು ಹೊರಟಳು.

"ತೆಗೀಬೇಡ. ಉಸಿರು ಬಿಡು. ನೀನು ಉಸಿರು ಹಿಡ್ಕೊಂಡು ಕೂತಿದ್ದೀಯ, ನಿನ್ನ ಕೈ ಕಟ್ಟಿಗೆ ಆಗಿದೆ. ಮಗುವಿಗೆ ಅದೆಲ್ಲ ಗೊತ್ತಾಗುತ್ತೆ."

ಉಸಿರು ಬಿಟ್ಟಾಗ ತಾನು ಎಷ್ಟು ಹೊತ್ತಿನಿಂದ ಅದನ್ನು ಹಿಡಿದಿದ್ದೆ ಎಂದು ಚೈತ್ರಾಳಿಗೆ ತಿಳಿಯಿತು. ಕೆಳಗೆ ಮಾಸಿಯ ಕೈ ಚೀಲದ ಮೇಲೆ ಎದೆಯಿಂದ ಭುಜಕ್ಕೆ, ಭುಜದಿಂದ ಮುಂಗೈಗೆ ನಿಧಾನವಾಗಿ ಹರಿಯಿತು. ಮೇಲೆ ಚೈತ್ರಾಳ ಕೈ ಅದನ್ನೇ ಹಿಂಬಾಲಿಸಿತು. ಕಾಲಿಗೆ ತೊಡೆಯಿಂದ ಕೆಳಗೆ, ಹಾಲು ಕರೆಯುವ ಹಾಗೆ, ಆದರೆ ಹಿಂಡಬಾರದು. ಹೊಟ್ಟೆಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ, ಹೊಕ್ಕುಳ ಸುತ್ತ. ಮೂಗಿಗೆ ಕಿವಿಗೆ ಎಣ್ಣೆ ಬಿಡಬಾರದು. ನೆತ್ತಿಯ ಮೆತ್ತನೆಯ ಜಾಗವನ್ನು ಒತ್ತಬಾರದು. ತಪ್ಪಿದಾಗಲೆಲ್ಲ ಮಾಸಿ ಬಳೆಯಿಂದ ಕಂಬಿ ಬಡಿಯುತ್ತಿದ್ದಳು.

ಎಡಗಾಲು ಮುಗಿದು ಬಲಗಾಲಿಗೆ ಬರುವಷ್ಟರಲ್ಲಿ ಅಳು ನಿಂತಿತ್ತು. ಯಾವಾಗ ನಿಂತಿತೋ ಚೈತ್ರಾಳಿಗೆ ಗೊತ್ತಾಗಲಿಲ್ಲ. ಮಗು ಕಣ್ಣು ಬಿಟ್ಟುಕೊಂಡು ಅವಳ ಗಲ್ಲದ ಕಡೆ ಎಲ್ಲೋ ನೋಡುತ್ತಿತ್ತು. ಬೆನ್ನಿಗೆ ಮಾಡಲು ಬೋರಲು ಹಾಕಿದಾಗ ಅದರ ಭುಜದ ಹಿಂದೆ, ಸಾಸಿವೆಗಿಂತ ಸಣ್ಣದೊಂದು ಮಚ್ಚೆ ಕಂಡಿತು. ಐದು ವಾರದ ತನ್ನ ಮಗುವಿಗೆ ಅಲ್ಲೊಂದು ಮಚ್ಚೆ ಇರುವುದು ಅವಳು ಆವತ್ತೇ ಕಂಡದ್ದು.

ಎದ್ದು ಹೊರಡುವಾಗ ದಾಹೀಬೆನ್ ಪ್ರವೀಣನಿಗೆ ಒಂದು ಮಾತು ಹೇಳಿದಳು. "ಸಾಬ್, ಬಾಣಂತಿ ಮೈಗೂ ಆರೈಕೆ ಬೇಕು. ಮಗುವಿಗೆ ಮಾತ್ರ ಮಾಡಿ ತಾಯಿಯನ್ನ ಬಿಟ್ರೆ ಹಾಲು ಎಲ್ಲಿಂದ ಬರಬೇಕು? ಮಧ್ಯಾಹ್ನ ಇವಳ ಬೆನ್ನಿಗೆ, ಕಾಲಿಗೆ ಎಣ್ಣೆ ಹಚ್ಚಿ. ನಾಚಿಕೆ ಬೇಡ." ಹೇಗೆಂದು ತನ್ನ ಮೊಣಕಾಲಿನ ಮೇಲೆಯೇ ತೋರಿಸಿದಳು. ಆಮೇಲೆ ತಾನು ಕೂತಿದ್ದ ಮೆಟ್ಟಿಲಿಗೆ ಫಿನಾಯಿಲು ಹಾಕಿ ತೊಳೆಯಿರಿ ಎಂದು ಹೇಳಿ ಇಳಿದುಹೋದಳು.

ಮಗು ಎರಡೂ ಎದೆ ಕುಡಿದು ಮಲಗಿತು. ಪ್ರವೀಣ್ ಮೆಟ್ಟಿಲು ತೊಳೆದು, ಸ್ನಾನ ಮಾಡಿ ಬಂದು, ಎಣ್ಣೆಯ ಬಟ್ಟಲು ಹಿಡಿದು ಅಪರಿಚಿತರ ಮನೆಗೆ ಬಂದವನಂತೆ ನಿಂತ. ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿಯ ಪಾದವನ್ನು ಅವನು ಕೈಯಲ್ಲಿ ಹಿಡಿದದ್ದು ಧಾರೆಯ ದಿನ, ಅದೂ ಭಟ್ಟರು ಹೇಳಿದ್ದಕ್ಕೆ. ಮೊದಮೊದಲು ಫ್ಯಾಕ್ಟರಿಯ ಬಟ್ಟೆ ಹಿಂಡಿದಂತೆ ಒತ್ತಿದ.

"ಮೆಲ್ಲ," ಎಂದಳು ಅವಳು. "ಅಲ್ಲಿ ಅಲ್ಲ, ಇನ್ನೂ ಸ್ವಲ್ಪ ಕೆಳಗೆ. ಹ್ಞಾಂ."

ಸೊಂಟದ ಮೇಲಿನ ಗಂಟಿನ ಮೇಲೆ ಅವನು ಅಂಗೈಯ ಬುಡ ಇಟ್ಟು ಸುತ್ತ ತಿರುಗಿಸಿದ. ನೋವು ಒಮ್ಮೆ ಚುಚ್ಚಿ ಬಂದು, ಬೆಚ್ಚಗಾಗಿ, ಅಗಲವಾಗಿ ಹರಡಿತು. ಗ್ಯಾಸ್ ಆರಿಸಿದೆಯೇ ನೋಡಬೇಕು, ಮಗುವಿನ ಬಟ್ಟೆ ಒದ್ದೆಯಾಗಿದೆಯೇ ನೋಡಬೇಕು ಎಂದು ಅವಳು ಎರಡು ಸಲ ತಲೆ ಎತ್ತಿದಳು. ಮೂರನೆಯ ಸಲ ಎತ್ತಬೇಕೆಂದುಕೊಂಡವಳು ನಿದ್ದೆಹೋದಳು. ಎದ್ದಾಗ ಎರಡು ತಾಸು ಕಳೆದು ರವಿಕೆ ಹಾಲಿನಿಂದ ಒದ್ದೆಯಾಗಿತ್ತು.

ಹಾಗೆಂದು ದಿನಗಳೇನೂ ಹಗುರವಾಗಲಿಲ್ಲ. ಸೋಮವಾರ ಮುನಿಸಿಪಾಲಿಟಿಯವರು ರಸ್ತೆಗೆಲ್ಲ ಕ್ರಿಮಿನಾಶಕದ ಬಿಳಿ ಪುಡಿ ಎರಚಿಹೋದರು. ಅಂಗಡಿಗಳಲ್ಲಿ ಹಾಲಿಲ್ಲ, ತರಕಾರಿಯಿಲ್ಲ. ವಡೋದರಾದಿಂದ ಚಿಕ್ಕಪ್ಪ ಫೋನು ಮಾಡಿ, ಬಾರದೇ ಇದ್ದದ್ದೇ ಒಳ್ಳೆಯದಾಯಿತು, ಇಲ್ಲಿ ಸೂರತ್‌ನವರೆಂದರೆ ಜನ ಎದ್ದು ಬೇರೆ ಮೇಜಿಗೆ ಹೋಗುತ್ತಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಅಮ್ಮ ದಿನಕ್ಕೆರಡು ಸಲ ಫೋನು ಮಾಡಿ ಜ್ವರ ಉಂಟಾ ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಚೈತ್ರಾ ಫೋನಿಟ್ಟು ಓಡಿಹೋಗಿ ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು.

ಮಂಗಳವಾರ ಸಂಜೆ ಮಗು ಮೈಯೆಲ್ಲ ಕೆಂಪಾಗುವಂತೆ ಅತ್ತಿತು. ಪ್ರವೀಣ್ ಕಂಗಾಲಾಗಿ, ಆಸ್ಪತ್ರೆಗೆ ಹೋಗುವ ಎಂದು ಚಪ್ಪಲಿ ಮೆಟ್ಟಿದ. ಆಸ್ಪತ್ರೆಯೆಂದರೆ ಅಲ್ಲಿ ಕೆಮ್ಮುವವರ ಸಾಲು. ಚೈತ್ರಾ ಥರ್ಮಾಮೀಟರು ಇಟ್ಟು ನೋಡಿದಳು, ಜ್ವರವಿರಲಿಲ್ಲ. ಅವಳ ಕೈ ತಾನಾಗಿಯೇ ಮಗುವಿನ ಹೊಟ್ಟೆಗೆ ಹೋಯಿತು. ನಿನ್ನೆ ಬೆಳಿಗ್ಗೆ, ಇವತ್ತು ಬೆಳಿಗ್ಗೆ ಮೆತ್ತಗಿದ್ದ ಹೊಟ್ಟೆ ಈಗ ಬಿಗಿದಿತ್ತು.

"ಗಾಳಿ ತುಂಬಿದೆ," ಎಂದಳು. "ಒಂದು ಐದು ನಿಮಿಷ ತಡೆಯಿರಿ. ಕಡಿಮೆಯಾಗದಿದ್ರೆ ಹೋಗುವ."

ಎರಡೂ ಮೊಣಕಾಲು ಕೂಡಿಸಿ ಹೊಟ್ಟೆಗೆ ಒತ್ತಿ, ಬಿಟ್ಟು, ಹೊಕ್ಕುಳ ಸುತ್ತ ಅಂಗೈ ತಿರುಗಿಸಿ, ಮತ್ತೆ ಒತ್ತಿದಳು. ಅವಳ ಕೈ ಎಲ್ಲೂ ತಪ್ಪಲಿಲ್ಲ. ನಾಲ್ಕನೆಯ ಸಲಕ್ಕೆ ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದು ಹೊರಟಿತು. ಅಳು ಅರ್ಧದಲ್ಲೇ ನಿಂತಿತು. ಪ್ರವೀಣ್ ಚಪ್ಪಲಿ ಮೆಟ್ಟಿಕೊಂಡೇ ನೆಲದ ಮೇಲೆ ಕೂತು ನಗತೊಡಗಿದ. ಅವಳಿಗೆ ನಗು ಬರಲಿಲ್ಲ. ಮಗುವಿನ ಹೊಟ್ಟೆ ಮೆತ್ತಗಾದುದನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು.

ಏಳು ದಿನ ಮುಗಿದ ಶನಿವಾರ ದಾಹೀಬೆನ್ ಬರಲಿಲ್ಲ. ಭಾನುವಾರವೂ ಇಲ್ಲ. ಚೈತ್ರಾ ಬಾಲ್ಕನಿಗೆ ಹೋಗಿ ರಸ್ತೆ ನೋಡಿದ್ದೆಷ್ಟು ಸಲವೋ. ಬೀಗ ಹಾಕಿದ ಮನೆಗಳವರು ಒಬ್ಬೊಬ್ಬರಾಗಿ ವಾಪಸು ಬರುತ್ತಿದ್ದರು. ಸೋಮವಾರ ಮಕ್ಕಳ ಡಾಕ್ಟರು ಕ್ಲಿನಿಕ್ಕು ತೆರೆದರು. ಮಗುವನ್ನು ತಕ್ಕಡಿಯಲ್ಲಿಟ್ಟು ಕಾರ್ಡು ನೋಡಿ, ಮತ್ತೊಮ್ಮೆ ಇಟ್ಟರು. ಎರಡು ಕಿಲೋ ನಾನೂರ ಎಂಬತ್ತು. ಮೂರು ವಾರದ ಹಿಂದಿನದಕ್ಕಿಂತ ಐನೂರಕ್ಕೂ ಹೆಚ್ಚು. ಯಾರು ಮಾಲೀಶು ಮಾಡುತ್ತಿದ್ದಾರೆ ಎಂದು ಕೇಳಿದಾಗ ಚೈತ್ರಾ, ನಾನೇ ಎಂದಳು. ಹಾಗೆ ಹೇಳಿದ ಮೇಲೆ ಮಾಸಿಯ ನೆನಪಾಗಿ ಅವಳಿಗೆ ಇನ್ನಷ್ಟು ಕಳವಳವಾಯಿತು.

ಮಂಗಳವಾರ ದಾಹೀಬೆನ್ ಬಂದಳು. ಮುಖದ ಮೇಲೆ ಬಟ್ಟೆಯಿರಲಿಲ್ಲ. ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಾಕಿ ತೊಳೆದು ಒಳಗೆ ಬಂದಳು. ಆಸ್ಪತ್ರೆಗೆ ಹೋದವನ ಸುದ್ದಿ ಚೈತ್ರಾ ಕೇಳಿದಳು. ಅವನು ಉಳಿದ, ಅವನ ತಮ್ಮ ಉಳಿಯಲಿಲ್ಲ, ಮೂರು ದಿನ ಅವರ ಮನೆಯಲ್ಲೇ ಇದ್ದೆ, ನನಗೇನೂ ಇಲ್ಲವೆಂದು ಆಸ್ಪತ್ರೆಯವರು ನೋಡಿ ಹೇಳಿದ ಮೇಲೇ ಬಂದೆ ಎಂದಷ್ಟೇ ಹೇಳಿ ಮಗುವಿಗೆ ಕೈ ಚಾಚಿದಳು. ತೊಡೆ ಹಿಡಿದು ನೋಡಿದಳು, ಅಂಗಾಲು ಒತ್ತಿ ನೋಡಿದಳು.

"ಬಲಗಡೆಗೆ ಚೆನ್ನಾಗಿ ಮಾಡಿದ್ದೀಯ. ಎಡಗಡೆಗೆ ಅವಸರ ಮಾಡ್ತೀಯ," ಎಂದು ಮಗುವನ್ನು ಚೈತ್ರಾಳ ಕೈಗೇ ವಾಪಸು ಕೊಟ್ಟಳು. "ಮುಗಿಸು. ಆಮೇಲೆ ನೀನು ಮಲಗು. ನಾನು ಬಂದಿರೋದು ನಿನಗೆ."

ಮಗು ಮಿಂದು ಮಲಗಿದ ಮೇಲೆ ಚೈತ್ರಾ ಚಾಪೆಯ ಮೇಲೆ ಬೋರಲಾದಳು. ಮಾಸಿಯ ಅಂಗೈ ಕತ್ತಿನ ಬುಡಕ್ಕೆ ಬಂದು ಕೂತಿತು, ಅಲ್ಲಿಂದ ಅವಸರವಿಲ್ಲದೆ ಕೆಳಗಿಳಿಯಿತು. ಕೆಳಗೆ ರಸ್ತೆಯಲ್ಲಿ ಯಾರೋ ಅಂಗಡಿಯ ಶಟರು ಎತ್ತುತ್ತಿದ್ದರು. ಒಳಗಿನ ಕೋಣೆಯಲ್ಲಿ ಮಗು ಸಣ್ಣಗೆ ಕುಂಯ್‌ಗುಟ್ಟಿತು. ಚೈತ್ರಾಳ ಕಾಲುಗಳು ಏಳಲು ಬಿಗಿದವು. ಮಾಸಿ ಮೀನಖಂಡದ ಮೇಲೆ ಕೈಯಿಟ್ಟು, ಇರು ಎಂದಳು. ಚೈತ್ರಾ ಕಿವಿಯಿಟ್ಟು ಕೇಳಿದಳು. ಇನ್ನೊಮ್ಮೆ ಸದ್ದು ಬಂದಿತು, ಆಮೇಲೆ ಬರಲಿಲ್ಲ. ಅವಳು ಏಳಲಿಲ್ಲ.